ಗಾಳಿ ಕಾಯುತ್ತಿದ್ದ ವಿಲ್ಫ್

ವಿಲ್ಫ್ ಗಾರ್‌ಬಟ್ ಹುಟ್ಟಿದ್ದು, ದುಡಿದದ್ದು, ಮುದುಕನಾದದ್ದು ಎಲ್ಲವೂ ಡರ್ಹಮ್ ಕರಾವಳಿಯ ಒಂದೇ ಕಲ್ಲಿದ್ದಲಿನ ಊರಿನಲ್ಲಿ. ಗಣಿಯೊಳಗೆ ಅವನ ಕೆಲಸ ಗಾಳಿ ಕಾಯುವುದು. ಸುರಂಗದ ಬಾಗಿಲುಗಳನ್ನು ತೆರೆದು, ಮುಚ್ಚಿ, ಇದ್ದಲು ಕಡಿಯುವವರಿಗೆ ಒಳ್ಳೆಯ ಗಾಳಿ ತಲುಪುವಂತೆ ನೋಡಿಕೊಳ್ಳುವುದು. ಗಾಳಿ ತಗ್ಗಿತೆಂದರೆ ಅವನು ದಾರಿಯನ್ನು ತಡಕುತ್ತಿದ್ದ. ಎಲ್ಲೋ ಮಣ್ಣು ಕುಸಿದಿರುತ್ತದೆ, ಇಲ್ಲವೇ ಯಾವನೋ ಸೋಮಾರಿ ಬಾಗಿಲು ಹಾಕದೆ ಹೋಗಿರುತ್ತಾನೆ. ಗಣಿಗೆಲ್ಲ ಗಾಳಿ ಎಳೆಯಲು ಬಾಯಲ್ಲಿ ಕೂರಿಸಿದ್ದ ದೊಡ್ಡ ಫ್ಯಾನಿನ ಮೇಲೆ ಮಾತ್ರ ಅವನಿಗೆ ಎಂದೂ ಅನುಮಾನ ಬಂದದ್ದಿಲ್ಲ.

ಗಣಿ ಮುಚ್ಚಿತು. ಎದೆರೋಗದ ವಾರ್ಡಿಗೆ ಹೋದ ಅಣ್ಣ ಹೆಣವಾಗಿ ಮನೆಗೆ ಬಂದ. ಮಗಳು ಹಿಲರಿ ಅತ್ತು ಕರೆದು ಅಪ್ಪನ ಸಿಗರೇಟು ಬಿಡಿಸಿ, ಕೈಗೆ ವೇಪ್ ಎಂಬ ಬ್ಯಾಟರಿ ಸಿಗರೇಟು ಕೊಟ್ಟಳು. "ಇನ್ನು ನಿನಗೇನೂ ಆಗಲ್ಲಪ್ಪ" ಅಂದಳು. ಪಾಪ, ಅವನು ನಂಬಿಬಿಟ್ಟ.

ಆ ಚಳಿಗಾಲದಲ್ಲಿ ವೇಪ್ ಹಟ ಹಿಡಿಯಿತು. ಹೊಗೆಯೇ ಬಾರದು, ಬಂದರೂ ಸುಟ್ಟ ಹತ್ತಿಯ ಕಮಟು. ಕ್ಲಬ್ಬಿನಲ್ಲಿ ಡಾಮಿನೊ ಆಡುವ ಗೆಳೆಯರು, "ಏನೋ ವಿಲ್ಫ್, ನಿನ್ನ ಕೆಟಲ್ ಇನ್ನೂ ಕುದೀಲಿಲ್ವೇನೋ?" ಎಂದು ಛೇಡಿಸುತ್ತಿದ್ದರು. ಅವನು ಉರಿದುಕೊಂಡು ಗ್ಲೆಂಡಾಳ ವೇಪ್ ಅಂಗಡಿಗೆ ಹೋಗುತ್ತಿದ್ದ. ಅವನು ಹೋದಾಗಲೆಲ್ಲ ಅವಳು ಒಳಗೆ ಹತ್ತಿಯನ್ನು ಕಾಯಿಸುವ ತಂತಿಸುರುಳಿಯನ್ನು, ಅಂದರೆ ಕಾಯಿಲನ್ನು ಬದಲಿಸಿ, ಗಾಳಿ ಒಳಬರುವ ಉಂಗುರವನ್ನು ಇನ್ನಷ್ಟು ತಿರುಗಿಸಿ ತೂತನ್ನು ಅಗಲ ಮಾಡಿಕೊಡುತ್ತಿದ್ದಳು.

"ತೂತು ಅಗಲ ಆದ್ರೆ ಹೊಗೆ ಜಾಸ್ತಿ, ನಿಜ. ಆದ್ರೆ ಎದೆ ತುಂಬ ಎಳೀಬೇಕು ಯಜಮಾನ್ರೇ. ಗಾಳಿ ಹರಿದ್ರೇನೇ ಕಾಯಿಲ್ ತಣ್ಣಗಾಗೋದು. ಇಲ್ದಿದ್ರೆ ಹತ್ತಿ ಕರಕಲಾಗುತ್ತೆ."

"ಗಾಳಿ ವಿಷಯ ನಂಗೇ ಹೇಳಿಕೊಡ್ತೀಯೇನೇ? ದಾರಿ ಎಲ್ಲೋ ಕಟ್ಟಿದೆ. ಇನ್ನೂ ತೆರಿ."

ಒಂದು ದಿನ ತೆರೆಯಲು ಏನೂ ಉಳಿಯಲಿಲ್ಲ. ಗ್ಲೆಂಡಾಳಿಗೂ ಸಾಕಾಗಿತ್ತು. ಹೊಸ ಕಾಯಿಲ್ ಹಾಕಿ, ಬಾಯಿಗಿಡುವ ತುದಿಯನ್ನು ಬದಲಿಸಿ, ತಾನೇ ಒಮ್ಮೆ ಎಳೆದು ಬಿಟ್ಟಳು. ಅವಳ ಹಿಂದಿನ ಕಪಾಟು ಕಾಣದಷ್ಟು ಬಿಳಿ ಹೊಗೆ ಅಂಗಡಿ ತುಂಬಿತು.

ತುದಿಯನ್ನು ಮತ್ತೆ ಬದಲಿಸಿ ಅವನ ಕೈಗೆ ಕೊಟ್ಟಳು. ವಿಲ್ಫ್ ಕಣ್ಣು ಮುಚ್ಚಿ, ಶಕ್ತಿಯೆಲ್ಲ ಹಾಕಿ ಎಳೆದ. ತುಟಿಯಿಂದ ಒಂದು ಎಳೆ ಹೊಗೆ ಬಂತು, ಅದರ ಬೆನ್ನಿಗೇ ಕೆಮ್ಮು. ಕೆಮ್ಮು ನಿಲ್ಲುವ ಹೊತ್ತಿಗೆ ಅವನಿಗೆ ಎಲ್ಲ ತಿಳಿದುಹೋಗಿತ್ತು. ಅವನಿಗೆ ಭಯವಾಯಿತು, ಗಣಿಯ ಕತ್ತಲಲ್ಲೂ ಆಗದಂಥ ಭಯ.

"ದಾರಿ ಸರಿಯಾಗೇ ಇದೆ ಕಣಮ್ಮ," ಅಂದ, ಎದೆ ಮುಟ್ಟಿಕೊಂಡು. "ಫ್ಯಾನೇ ಕೈಕೊಟ್ಟಿದೆ."

ಗ್ಲೆಂಡಾ ಕೌಂಟರು ಬಳಸಿ ಬಂದು ಅವನನ್ನು ಸ್ಟೂಲಿನ ಮೇಲೆ ಕೂರಿಸಿದಳು. "ಡಾಕ್ಟರ ಹತ್ರ ಹೋಗಿ ಯಜಮಾನ್ರೇ. ಇವತ್ತೇ ಹೋಗಿ."

"ಗಣೀಲಿ ಫ್ಯಾನು ನಿಂತ್ರೆ ಏನ್ಮಾಡ್ತಾರೆ ಗೊತ್ತಾ?"

"ರಿಪೇರಿ ಮಾಡ್ತಾರೆ."

"ಅದು ಆಮೇಲೆ. ಮೊದ್ಲು ಒಳಗಿರೋರಿಗೆಲ್ಲ ಸುದ್ದಿ ಮುಟ್ಟಿಸಿ ಹೊರಗೆ ಕಳಿಸ್ತಾರೆ." ಅವನು ವೇಪನ್ನು ಕೌಂಟರಿನ ಮೇಲಿಟ್ಟ. "ಹಿಲರಿಗೆ ನೀನೇ ಫೋನ್ ಮಾಡಮ್ಮ. ನನ್ನ ಕೈಲಿ ಹೇಳೋಕಾಗಲ್ಲ."