ಕಿವಿ ಮೇಸ್ತ್ರಿಯ ಅರ್ಧ ಸುತ್ತು

ಸೈಲೆನ್ಸರ್ ಕೆಲಸದಲ್ಲಿ ಮೂವತ್ತೆಂಟು ವರ್ಷ ಸವೆಸಿದ ಅವನನ್ನು ಊರಿಗೆ ಊರೇ ಕಿವಿ ಮೇಸ್ತ್ರಿ ಎಂದು ಕರೆಯುತ್ತಿತ್ತು. ಹಳೆಯ ಕಾರು ಗೇಟಿನ ಹತ್ತಿರ ಬರುವಷ್ಟರಲ್ಲೇ ಒಳಗೆ ಕುಳಿತು "ಎರಡನೇ ಜಾಯಿಂಟು ಹೋಗಿದೆ" ಎನ್ನುತ್ತಿದ್ದ. ಬಗ್ಗಿ ನೋಡಿದರೆ ಅದೇ ಹೋಗಿರುತ್ತಿತ್ತು. ಹೆಸರೇನೋ ಉಳಿಯಿತು, ಕಿವಿ ಉಳಿಯಲಿಲ್ಲ. ಎರಡು ವರ್ಷದಿಂದ ಸಣ್ಣ ಸದ್ದುಗಳು ಒಂದೊಂದಾಗಿ ಕೈಬಿಟ್ಟಿದ್ದವು: ಮೊದಲು ಕುಕ್ಕರಿನ ಸೀಟಿ, ಆಮೇಲೆ ಫೋನಿನ ಗಂಟೆ, ಆಮೇಲೆ ಮೊಮ್ಮಗಳ ಅರ್ಧ ಮಾತು. ಇದು ಗೊತ್ತಿದ್ದದ್ದು ಹೆಂಡತಿಗೊಬ್ಬಳಿಗೆ. ಆಕೆಯೂ "ನಿಮ್ಮದು ಜಾಣ ಕಿವುಡು ಬಿಡಿ" ಎಂದು ತಮಾಷೆ ಮಾಡಿ ಸುಮ್ಮನಾಗುತ್ತಿದ್ದಳು. ಅವನಿಗೆ ಮಾತ್ರ ಅದು ತಮಾಷೆಯಾಗಿರಲಿಲ್ಲ. ಕಿವಿಯ ಹೆಸರಲ್ಲೇ ಅನ್ನ ತಿಂದವನು ಕಿವುಡ ಎಂದು ಗೊತ್ತಾದರೆ ಆ ಗೇಟಿನೊಳಗೆ ಯಾರು ಕಾಲಿಡುತ್ತಾರೆ?

ಆ ಬೆಳಿಗ್ಗೆ ನಿವೃತ್ತ ಟೀಚರೊಬ್ಬರು ಬಂದರು. ಅವರ ತಂದೆ ಕೊಂಡಿದ್ದ ಐವತ್ತು ವರ್ಷದ ಕಾರು. ತುಕ್ಕು ತಿಂದ ಸೈಲೆನ್ಸರನ್ನು ತಂತಿಯಲ್ಲಿ ಕಟ್ಟಿಕೊಂಡು ತಂದಿದ್ದರು. ಕಂಪನಿ ಅದನ್ನು ಮಾಡುವುದು ನಿಲ್ಲಿಸಿ ಯಾವ ಕಾಲವಾಗಿತ್ತೋ! ಟೀಚರು ತಿಂಗಳ ಹಿಂದೆಯೇ ಹೇಳಿಹೋಗಿದ್ದರಿಂದ ಮೇಸ್ತ್ರಿ ಹುಡುಕಿ ಹೊಂದಿಸಿದ್ದ ಮೂರನ್ನು ನೆಲದ ಮೇಲೆ ಸಾಲಾಗಿ ಇಟ್ಟ. ಒಂದು ಗುಜರಿಯಲ್ಲಿ ಸಿಕ್ಕ ಅಸಲಿ ಮಾಲು, ವಯಸ್ಸಾಗಿತ್ತು. ಇನ್ನೊಂದು ಅವನೇ ಸ್ಟೀಲಿನಲ್ಲಿ ಕಟ್ಟಿದ್ದು. ನಮ್ಮನಿಮ್ಮೆಲ್ಲರಿಗಿಂತ ಹೆಚ್ಚು ಬಾಳುತ್ತದೆ, ಗಂಟಲು ಸ್ವಲ್ಪ ಜೋರು. ಮೂರನೆಯದು ಬೇರೆ ಕಾರಿನದು, ಕತ್ತರಿಸಿ ಕೂರಿಸಬೇಕಾದ ತೆಳು ತಗಡು.

"ನೋಡೋಕೆ ಹೇಗಿದ್ರೂ ಪರವಾಗಿಲ್ಲ ಮೇಸ್ತ್ರಿ," ಎಂದರು ಟೀಚರು. "ಅಪ್ಪನ ಕಾಲದ ಸದ್ದು ಬೇಕು. ಯಾವುದು ಅಂತ ನಿಮ್ಮ ಕಿವಿನೇ ಹೇಳ್ಬೇಕು. ಮಧ್ಯಾಹ್ನ ತಂಗಿ ಮನೆಗೆ ಹೊರಟಿದೀನಿ, ನಾಲ್ಕು ಗಂಟೆ ದಾರಿ."

ಒಂದೊಂದನ್ನೇ ತಾತ್ಕಾಲಿಕವಾಗಿ ಬಿಗಿದು ಎಂಜಿನ್ ಚಾಲೂ ಮಾಡಿದ. ಮೂರಕ್ಕೂ ಒಂದೇ ಗುಡುಗುಡು, ಕಂಬಳಿ ಹೊದ್ದು ಕೇಳಿದ ಹಾಗೆ. ಏನು ಮಾಡಬೇಕು? ಮೂರನ್ನೂ ಇನ್ನೊಮ್ಮೆ ಬಿಗಿದು, ಯೋಚಿಸುವವನಂತೆ ಹಣೆಗೆ ಕೈ ಹಚ್ಚಿ, ಬೆರಳ ಸಂದಿಯಿಂದ ಟೀಚರ ಮುಖ ನೋಡಿದ. ಸ್ಟೀಲಿನದಕ್ಕೆ ಅವರ ಹುಬ್ಬು ಗಂಟಾಯಿತು. ತಗಡಿಗೆ ಅವರು ಗಡಿಯಾರ ನೋಡಿದರು. ಗುಜರಿಯ ಮಾಲನ್ನು ಮತ್ತೆ ಹಚ್ಚಿದಾಗ, ಅವರಿಗೇ ತಿಳಿಯದಂತೆ ಒಂದು ನಗು ಬಂತು.

"ಇದೇ," ಎಂದ ಮೇಸ್ತ್ರಿ.

"ನಿಮ್ಮ ಕಿವಿಗೆ ಸಾಟಿಯಿಲ್ಲ!" ಎಂದರು ಟೀಚರು. ಅವನಿಗೆ ನಾಚಿಕೆಯಾಯಿತು, ಆದರೂ ತಲೆಯಾಡಿಸಿದ. ಹೊಗಳಿಕೆ ಬೇಡ ಎಂದವರನ್ನು ನಾನಂತೂ ಕಂಡಿಲ್ಲ.

ಉಳಿದದ್ದು ಮುಂದಿನ ಜಾಯಿಂಟು, ಸರಿಯಾಗಿ ಡ್ರೈವರನ ಕಾಲಡಿಗೆ ಬರುವಂಥದ್ದು. ಅಷ್ಟು ಹಳೆಯ ಬೋಲ್ಟುಗಳನ್ನು ಸ್ವಲ್ಪ ಹೆಚ್ಚು ಬಿಗಿದರೆ ತುಂಡಾಗುತ್ತವೆ, ಕಡಿಮೆಯಾದರೆ ಹೊಗೆ ಸೋರುತ್ತದೆ. ಅದಕ್ಕೇ ಮೇಸ್ತ್ರಿಯದೊಂದು ಕ್ರಮವಿತ್ತು. ಎಂಜಿನ್ ಓಡುತ್ತಿರುವಾಗಲೇ ಬಿಗಿಯುತ್ತ ಹೋಗಬೇಕು. ಸುಯ್ ಎನ್ನುವ ಸದ್ದು ನಿಂತ ಮೇಲೆ ಇನ್ನು ಅರ್ಧ ಸುತ್ತು, ಅಷ್ಟೇ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವತ್ತು ಸುಯ್ ಎನ್ನುವುದು ಮೊದಲಿನಿಂದಲೇ ಇರಲಿಲ್ಲ. ತಾನಾಗಿಯೇ ಚೆನ್ನಾಗಿ ಕೂತಿದೆ ಎಂದುಕೊಂಡು ಅರ್ಧ ಸುತ್ತು ಕೊಟ್ಟು ಎದ್ದ.

ಅಷ್ಟರಲ್ಲಿ ಹೆಂಡತಿ ಊಟದ ಡಬ್ಬಿ ಹಿಡಿದು ಬಂದಳು. ಕಾರಿನ ಪಕ್ಕ ನಿಂತು, ಅವನಿಗೆ ಕೇಳಲೆಂದೇ ಗಟ್ಟಿಯಾಗಿ, "ರೀ, ಕೆಳಗೆ ಏನೋ ಸುಯ್ ಅಂತಿದೆ ಅಲ್ವಾ?" ಎಂದಳು.

ಟೀಚರು ತಿರುಗಿ ನೋಡಿದರು. ಮೇಸ್ತ್ರಿಗೆ ಮೈ ಉರಿದುಹೋಯಿತು. "ಇದೇನು ನಿನ್ನ ಕುಕ್ಕರ್ ಕೆಟ್ಟುಹೋಯ್ತಾ? ನಿನ್ನ ಕೆಲಸ ನೀನು ನೋಡ್ಕೋ," ಎಂದ. ಟೀಚರು ನಕ್ಕು, ರಸ್ತೆಯ ಧೂಳಿಗೆ ಕಿಟಕಿಯ ಗಾಜು ಏರಿಸಿಕೊಂಡು ಹೊರಟುಹೋದರು.

ಹೆಂಡತಿ ತಟ್ಟೆ ಕುಕ್ಕಿ ಬಡಿಸಿದಳು. ಎರಡನೆಯ ತುತ್ತಿಗೆ ಕೈಯೆತ್ತಿದವನು ಹಾಗೇ ತಡೆದ. ಕಿವಿ ಮರೆತದ್ದನ್ನು ಕೈ ಮರೆತಿರಲಿಲ್ಲ. ಅಂಥ ಜಾಯಿಂಟಿಗೆ ಸ್ಪ್ಯಾನರನ್ನು ನಾಲ್ಕೈದು ಸುತ್ತು ತಿರುಗಿಸದೆ ಸದ್ದು ನಿಂತದ್ದು ಇಷ್ಟು ವರ್ಷದಲ್ಲಿ ಒಮ್ಮೆಯೂ ಇಲ್ಲ. ಇವತ್ತು ಬರೀ ಅರ್ಧ. ಆ ಕಾರಿನ ತಳವೋ ತುಕ್ಕಿಗೆ ತೂತು ಬಿದ್ದ ಜರಡಿ. ಮಲಗಿ ಕೆಲಸ ಮಾಡುವಾಗ ಕಣ್ಣಾರೆ ನೋಡಿದ್ದ. ಸೋರಿದ ಹೊಗೆ ಆ ತೂತುಗಳಿಂದ ಒಳಗೆ ತುಂಬಿಕೊಂಡರೆ ಮೊದಲು ತಲೆನೋವು ತರುತ್ತದೆ, ಆಮೇಲೆ ಮಂಪರು. ಮಂಪರಿನಲ್ಲಿ ಸ್ಟೀರಿಂಗ್ ಹಿಡಿದವರ ಗತಿ?

"ಅವರಿಗೆ ಫೋನ್ ಮಾಡು."

"ನೀವೇ ಮಾಡಿ. ನನ್ನ ಮಾತು ಯಾಕೆ?"

"ನನಗೆ ಕೇಳ್ಸಲ್ಲ ಕಣೇ."

ಎರಡು ವರ್ಷದಲ್ಲಿ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಆಕೆ ಕೈ ಒರೆಸಿಕೊಂಡು ಫೋನ್ ಎತ್ತಿಕೊಂಡಳು. ಒಂದು ಸಲ, ಎರಡು ಸಲ, ಮೂರು ಸಲ. ಅತ್ತ ಯಾರೂ ಎತ್ತಲಿಲ್ಲ. ಮೇಸ್ತ್ರಿ ಆಕೆಯ ತುಟಿಯನ್ನೇ ನೋಡುತ್ತ ಕೂತಿದ್ದ, ಎಂಜಲು ಕೈ ತಟ್ಟೆಯಲ್ಲೇ ಒಣಗುತ್ತಿತ್ತು. ನಾಲ್ಕನೆಯ ಸಲಕ್ಕೆ ತುಟಿ ಅಲುಗಿತು.

"ಟೀಚರ್, ಗಾಡಿ ಸೈಡಿಗೆ ಹಾಕಿ ಕೆಳಗೆ ಇಳೀರಿ. ಮೊದಲು ಇಳೀರಿ."

ಆಮೇಲೆ ಆಕೆ ತುಂಬಾ ಹೊತ್ತು ಬರೀ ಕೇಳಿದಳು. ಅವನಿಗೆ ತಡೆಯಲಾಗಲಿಲ್ಲ. "ಏನಂತೆ? ಹೇಳೇ!"

ಫೋನಿಗೆ ಅಂಗೈ ಮುಚ್ಚಿ ಅವನ ಕಿವಿಯ ಹತ್ತಿರ ಬಂದಳು. "ಆಗಲೇ ನಿಲ್ಸಿದಾರಂತೆ. ತಲೆ ಸಿಡೀತಿದೆ, ಕಣ್ಣು ಮುಚ್ಚಿ ಮುಚ್ಚಿ ಬರ್ತಿತ್ತು ಅಂತಾರೆ. ಹಸಿವಿಗೆ ಇರ್ಬೇಕು ಅಂದ್ಕೊಂಡ್ರಂತೆ. ಏನಾಗಿದೆ ಅಂತ ಕೇಳ್ತಿದಾರೆ. ಏನು ಹೇಳ್ಲಿ?"

ಸುಳ್ಳಿಗೇನು ಬರವೇ? ಬೋಲ್ಟು ಹಳೆಯದು, ಗುಜರಿ ಮಾಲೇ ಹೀಗೆ. ನಾಲಿಗೆಯ ತುದಿಯವರೆಗೂ ಬಂತು. ಅದನ್ನು ನುಂಗಿಕೊಂಡ.

"ಇದ್ದದ್ದು ಹೇಳು. ಮೇಸ್ತ್ರಿಗೆ ಕಿವಿ ಕೇಳ್ಸಲ್ಲ ಅನ್ನು."

ಹೆಂಡತಿ ಅವನ ಮುಖ ನೋಡಿದಳು. "ಆಮೇಲೆ?"

"ಅಲ್ಲೇ ಇರಿ, ಇಬ್ರೂ ಬರ್ತಿದೀವಿ ಅನ್ನು. ನಾನು ಬಿಗೀತೀನಿ, ನೀನು ಕೇಳು."