ಆರ್ಲೀನ್ ಏಬಲ್ಸ್ ಹಾಕಿದ ವೋಟು

ತಾಯಿ ತೀರಿಕೊಂಡಾಗ ಆರ್ಲೀನ್ ಏಬಲ್ಸಳ ತಮ್ಮ ಹೋಬರ್ಟ್ ಇನ್ನೂ ತೊಟ್ಟಿಲಲ್ಲಿದ್ದ. ಅವನನ್ನು ಉಣಿಸಿ, ಓದಿಸಿ ದಡ ಮುಟ್ಟಿಸುವ ಹೊತ್ತಿಗೆ ಇವಳನ್ನು ಮದುವೆಗೆ ಕೇಳುವವರು ಕೇಳುವುದನ್ನೇ ಬಿಟ್ಟಿದ್ದರು. ಅವನ ಓದಿನ ಖರ್ಚಿಗೆಂದು ಗುಡ್ಡದ ಊರು ಬಿಟ್ಟು ಕಣಿವೆಯ ಕಾಲುಚೀಲದ ಗಿರಣಿಗೆ ಸೇರಿದವಳು ಅಲ್ಲೇ ಉಳಿದಳು. ಅವನು ಗುಡ್ಡಕ್ಕೆ ಮರಳಿ, ಆ ಕೌಂಟಿಯಿಂದ ರಾಜ್ಯದ ಶಾಸನಸಭೆಗೆ ಆರಿಸಿ ಹೋದ. ಆ ದಿನ ಗಿರಣಿಯಲ್ಲಿ ಅವಳ ಕಾಲು ನೆಲದ ಮೇಲಿರಲಿಲ್ಲ.

ಕ್ಷೇತ್ರಗಳ ಗೆರೆ ಎಳೆದದ್ದು ಅವಳ ಅಜ್ಜನ ಕಾಲದಲ್ಲಿ. ಆಮೇಲೆ ಗುಡ್ಡ ಖಾಲಿಯಾಯಿತು, ಕಣಿವೆ ತುಂಬಿತು, ಗೆರೆ ಮಾತ್ರ ಅಲ್ಲಾಡಲಿಲ್ಲ. ಗುಡ್ಡದ ಬೆರಳೆಣಿಕೆಯ ಮನೆಗಳಿಗೂ ಒಬ್ಬ ಶಾಸಕ, ಗಿರಣಿ ಊರಿನ ಅಷ್ಟೂ ಜನಕ್ಕೂ ಒಬ್ಬನೇ. ಗೆರೆ ಬದಲಿಸಬೇಕಾದವರು ಅದೇ ಗೆರೆಯ ದಯೆಯಿಂದ ಗೆದ್ದವರು. ಕೂತ ಕೊಂಬೆಗೆ ಯಾರು ತಾನೇ ಕೊಡಲಿ ಹಾಕುತ್ತಾರೆ? ಹಾಗಾಗಿ ಗುಡ್ಡಕ್ಕೆ ಟಾರು ರಸ್ತೆ ಬಂತು, ಗಿರಣಿ ಮನೆಗಳ ಹಿಂದಿನ ತೆರೆದ ಮೋರಿ ನಾರುತ್ತಲೇ ಇತ್ತು. ಒಂದು ಬೇಸಿಗೆಯಲ್ಲಿ ಪಕ್ಕದ ಮನೆಯ ಎಳೆಗೂಸು ಭೇದಿ ಹತ್ತಿ ಸತ್ತಿತು. ಅದಕ್ಕೆ ಉಣ್ಣೆಯ ಟೋಪಿ ಹೆಣೆದಿದ್ದವಳು ಆರ್ಲೀನ್.

ತಮ್ಮ ಹೋಬರ್ಟ್ ಊಟಕ್ಕೆ ಬಂದಾಗ ಅವಳು ಕೇಳಿದಳು: “ಹೋಬಿ, ಈ ಮೋರಿಗೊಂದು ಗತಿ ಕಾಣಿಸೋ.”

“ನಿಮ್ಮೂರು ನನ್ನ ಕ್ಷೇತ್ರ ಅಲ್ವಲ್ಲ ಅಕ್ಕ. ನಿಮ್ಮ ಶಾಸಕನ್ನ ಕೇಳು.”

“ಅವನೊಬ್ಬ ಏನ್ ಮಾಡ್ತಾನೆ? ಸಭೆ ತುಂಬ ನೀವು ಗುಡ್ಡದೋರೇ ಕೂತಿದ್ದೀರಿ. ಹಸು ಓಡಾಡೋಕೂ ಟಾರು ಹಾಕ್ಸಿದೀಯಲ್ಲೋ!”

“ಆ ಹಸುಗಳೂ ನನಗೇ ವೋಟು ಹಾಕೋದು,” ಎಂದು ಅವನು ನಕ್ಕ, ಇನ್ನೊಂದು ತುಂಡು ಮೆಕ್ಕೆಜೋಳದ ರೊಟ್ಟಿ ಮುರಿದುಕೊಂಡ.

ಅವಳಿಗೆ ನಗು ಬರಲಿಲ್ಲ. ಗೆರೆಯ ವಿರುದ್ಧ ಕೋರ್ಟಿಗೆ ಹೋಗಲು ವಕೀಲನೊಬ್ಬ ಗಿರಣಿ ಊರಿನಲ್ಲಿ ಸಹಿ ಹಾಕಿಸುತ್ತಿದ್ದ. ಅವಳೂ ಹಾಕಿದಳು.

ಇಲ್ಲಿನ ಕೋರ್ಟುಗಳಲ್ಲಿ ಮೊಕದ್ದಮೆಗೆ, ದಾವೆ ಹೂಡಿದವರ ಪಟ್ಟಿಯಲ್ಲಿ ಮೊದಲನೆಯವರ ಹೆಸರೇ ಹೆಸರು. ವಕೀಲ ತಲೆ ಕೆಡಿಸಿಕೊಳ್ಳದೆ ಎಲ್ಲರನ್ನೂ ಎ, ಬಿ, ಸಿ ಅಕ್ಷರಗಳ ಸಾಲಿನಲ್ಲಿ ಬರೆದುಬಿಟ್ಟ. ಎಲ್ಲಕ್ಕಿಂತ ಮೇಲೆ ಏಬಲ್ಸ್ ಬಂತು. ‘ಏಬಲ್ಸ್ ಮೊಕದ್ದಮೆಯಿಂದ ಏಬಲ್ಸ್ ಕುರ್ಚಿಗೆ ಕುತ್ತು’ ಎಂದು ಪತ್ರಿಕೆಗಳು ಚಪ್ಪರಿಸಿ ಬರೆದವು.

“ಅದು ಬರೀ ಅಕ್ಷರದ ಸಾಲು, ಮಿಸ್ ಆರ್ಲೀನ್,” ಎಂದ ವಕೀಲ ಪೆಚ್ಚಾಗಿ. “ಬೇಕಿದ್ರೆ ನಿಮ್ಮ ಹೆಸರು ತೆಗೀತೀನಿ.”

“ನಿಮಗೆ ಅಕ್ಷರ. ನನಗೆ ನಮ್ಮಪ್ಪನ ಹೆಸರು ಕಣ್ರೀ,” ಎಂದಳು. ಆಮೇಲೆ, “ಹೆಸರು ಹಾಗೇ ಇರ್ಲಿ ಬಿಡಿ,” ಎಂದಳು.

ಮೇ ತಿಂಗಳಲ್ಲಿ ಗುಡ್ಡದವರೆಲ್ಲ ಸೇರಿ ಸ್ಮಶಾನದ ಕಳೆ ಕಿತ್ತು, ಸಮಾಧಿಗಳಿಗೆ ಹೂವಿಟ್ಟು, ಅಲ್ಲೇ ಮರದಡಿಯ ಉದ್ದ ಮೇಜಿನ ಮೇಲೆ ತಂದದ್ದನ್ನು ಹರಡಿ ಉಣ್ಣುವ ಭಾನುವಾರವೊಂದಿದೆ. ಖಾಲಿ ತಟ್ಟೆ ಹಿಡಿದು ಮನೆಗೆ ಹೋಗುವುದೇ ಆ ದಿನ ಹೆಂಗಸರಿಗೆ ಗೌರವ. ಆರ್ಲೀನಳ ಒಣ ಸೇಬಿನ ಕೇಕಿಗೆ ಹಿಂದೆಲ್ಲ ಜನ ಮುಗಿಬೀಳುತ್ತಿದ್ದರು. ಆ ವರ್ಷ ಅದಕ್ಕೆ ಚಾಕು ತಾಗಲಿಲ್ಲ.

“ಕೋರ್ಟಿಗೆ ಹೋಗೋ ಮುಂಚೆ ನನಗೊಂದು ಮಾತು ಹೇಳಬಾರದಿತ್ತಾ?” ಎಂದ ಹೋಬರ್ಟ್.

“ಹೇಳಿದ್ದೆ. ನೀನು ಹಸುಗಳ ವೋಟಿನ ಮಾತಾಡಿದೆ.”

ಅವನು ಎದ್ದು ಹೋದ. ಆ ವಾರವೆಲ್ಲ ಅವಳು ಒಬ್ಬಳೇ ಕೂತು ಆ ಕೇಕು ತಿಂದಳು.

ಮೊಕದ್ದಮೆ ವರ್ಷಗಟ್ಟಲೆ ಎಳೆಯಿತು. ಗಿರಣಿಯವರು ಸಿಕ್ಕಲ್ಲೆಲ್ಲ ಬೆನ್ನು ತಟ್ಟುತ್ತಿದ್ದರು, ಭಾನುವಾರ ಬಂದರೆ ಅವರವರ ಬಳಗ ಅವರವರಿಗೆ. ಅವಳ ಬಳಗವಿದ್ದದ್ದು ಗುಡ್ಡದ ಮೇಲೆ. ಒಂಟಿತನ ಅವಳಿಗೆ ಹೊಸದಲ್ಲ, ಆದರೆ ತಮ್ಮನಿದ್ದೂ ಒಂಟಿಯಾಗಿರುವುದು ಹೊಸದು.

ಕೊನೆಗೆ ತೀರ್ಪು ಬಂತು: ಒಬ್ಬೊಬ್ಬರ ಮತಕ್ಕೂ ಒಂದೇ ತೂಕವಿರಬೇಕು, ಗೆರೆ ಹೊಸದಾಗಿ ಎಳೆಯಿರಿ. ಹೊಸ ಗೆರೆ ಗುಡ್ಡವನ್ನೂ ಗಿರಣಿ ಕೇರಿಯನ್ನೂ ಒಂದೇ ಕ್ಷೇತ್ರ ಮಾಡಿತು. ಹೋಬರ್ಟ್ ಅಲ್ಲೇ ಚುನಾವಣೆಗೆ ನಿಂತ. ಹ್ಯಾಟು ಕೈಯಲ್ಲಿ ಹಿಡಿದು ಗಿರಣಿ ಕೇರಿಯ ಮನೆ ಮನೆಯ ಮೆಟ್ಟಿಲು ಹತ್ತಿದ. ಆರ್ಲೀನ್ ಜಗಲಿ ಗುಡಿಸಿ, ಕಾಫಿಗೆ ನೀರಿಟ್ಟು ಕಾದಳು. ಪಕ್ಕದ ಮನೆಯಲ್ಲಿ ಅವನ ದನಿ ಕೇಳಿತು. ಆಮೇಲೆ ಆಚೆ ಮನೆಯಲ್ಲಿ ಕೇಳಿತು. ನಡುವಿನ ಮನೆ ಅವಳದು.

ಚುನಾವಣೆಯ ದಿನ ಪರದೆ ಎಳೆದುಕೊಂಡು ನಿಂತಾಗ ತಮ್ಮನ ಹೆಸರು ಜೀವನದಲ್ಲಿ ಮೊದಲ ಬಾರಿಗೆ ಅವಳ ಮುಂದಿತ್ತು. ಅಷ್ಟು ವರ್ಷ ಅವಳ ಮತಕ್ಕೆ ಅವನವರೆಗೆ ತಲುಪುವ ದಾರಿಯೇ ಇರಲಿಲ್ಲ. ಹೊಡೆದಾಡಿ ಗೆದ್ದುಕೊಂಡ ಪೂರ್ಣ ತೂಕದ ಮತವನ್ನು ಅವಳು ಹೋಬಿಗೇ ಹಾಕಿದಳು. ಹಾಕಿ, ಅತ್ತುಬಿಟ್ಟಳು.

ಅವನು ಹೀನಾಯವಾಗಿ ಸೋತ. ಗೆದ್ದವನು ಗಿರಣಿ ಊರಿನವನು. ವಸಂತ ಬರುವಷ್ಟರಲ್ಲಿ ಮೋರಿಗೆ ಕೊಳವೆ ಹಾಕಿಸಿದ.

ಮೇ ತಿಂಗಳಲ್ಲಿ ಆರ್ಲೀನ್ ಕೇಕು ಮಾಡಿಕೊಂಡು ಮತ್ತೆ ಗುಡ್ಡ ಹತ್ತಿದಳು. ಹೋಬರ್ಟ್ ಅಮ್ಮನ ಸಮಾಧಿಯ ಕಳೆ ಕೀಳುತ್ತಿದ್ದ.

“ಹೊಟ್ಟೆ ತಣ್ಣಗಾಯ್ತಾ ಅಕ್ಕ?” ಎಂದ, ತಲೆ ಎತ್ತದೆ.

“ನಾನು ನಿನಗೇ ಹಾಕಿದ್ದು ಕಣೋ, ಹೋಬಿ.”

ಅವನು ಅವಳ ಮುಖವನ್ನೇ ನೋಡಿದ. “ಅಮ್ಮನ ಮುಂದಾದ್ರೂ ಸುಳ್ಳು ಹೇಳಬೇಡ,” ಎಂದು ಮತ್ತೆ ಕಳೆಗೆ ಕೈ ಹಾಕಿದ.

ಪರದೆಯ ಹಿಂದೆ ಅವಳಿಗೆ ಸಾಕ್ಷಿ ಯಾರಿದ್ದರು? ಅವನು ಇಟ್ಟ ಹೂವಿನ ಪಕ್ಕ ತನ್ನ ಹೂವಿಟ್ಟು, ಕೇಕಿನ ತಟ್ಟೆ ಎತ್ತಿಕೊಂಡು, ಅವನು ಹಾಕಿಸಿದ ಟಾರು ರಸ್ತೆಯಲ್ಲೇ ಇಳಿದು ಬಂದಳು.