ಅಟ್ರಾಕ್ಟಾ ಫೀನಿ ಸುಳ್ಳೆಂದ ಆ ಪತ್ರ

ನಮ್ಮ ಬ್ಯಾಲಿನ್‌ರೋಬ್ ಊರಿನಲ್ಲಿ ಒಂದು ಈಮೇಲ್ ಅಸಲಿಯೋ ನಕಲಿಯೋ ಎಂದು ತಿಳಿಯಬೇಕಾದರೆ ಯಾರೂ ಪೊಲೀಸ್ ಠಾಣೆಗೆ ಹೋಗುವುದಿಲ್ಲ, ಬೇಕರಿಗೆ ಹೋಗುತ್ತಾರೆ. ಅಲ್ಲಿ ಗಲ್ಲಾದ ಹಿಂದೆ ಅಟ್ರಾಕ್ಟಾ ಫೀನಿ ನಿಂತಿರುತ್ತಾಳೆ. ಅರವತ್ತೆರಡು ವರ್ಷ, ಕುಳ್ಳಗಿನ ಆಳು, ಮೂಗಿನ ತುದಿಯಲ್ಲಿ ಕನ್ನಡಕ. ಒಂದು ಕೈಯಲ್ಲಿ ಬನ್ನು ಎತ್ತುವ ಇಕ್ಕಳ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಗಿರಾಕಿಯ ಫೋನು ತೆಗೆದುಕೊಂಡು ನೋಡಿ, ಮೂಗು ಮುರಿದು ‘ಕಸ’ ಎಂದರೆ ಅದು ಕಸವೇ. ಇಷ್ಟು ವರ್ಷಗಳಲ್ಲಿ ಅವಳ ತೀರ್ಪು ತಪ್ಪಿದ್ದು ಒಂದೇ ಸಲ. ಅದನ್ನು ನೆನೆದರೆ ನಮಗೆ ಇವತ್ತಿಗೂ ಮೈ ಉರಿಯುತ್ತದೆ.

ಬನ್ನು ಮಾರುವವಳಿಗೆ ಇದೆಲ್ಲ ಹೇಗೆ ಗೊತ್ತು ಎಂದು ಹೊರಗಿನವರು ಕೇಳುತ್ತಾರೆ. ಅವಳು ಇಪ್ಪತ್ತೇಳು ವರ್ಷ ಟಾರ್ಪಿಯವರ ಬಾಜಿ ಅಂಗಡಿಯಲ್ಲಿ ಗಾಜಿನ ಹಿಂದೆ ಕೂತವಳು. ಕುದುರೆಯ ಹೆಸರು ಬರೆದು ಗಿರಾಕಿಗಳು ಒಳಗೆ ತೂರಿಸುವ ಚೀಟಿಗಳನ್ನು ಓದಿ ಓದಿ, ಊರಿನ ಅರ್ಧ ಗಂಡಸರ ಕೈಬರಹ ಅವರ ಹೆಂಡಂದಿರಿಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಪೇಕಿ ಮೆಲೆಟ್ ಎಂಬಾತ ಒಮ್ಮೆ ಗೆದ್ದ ತನ್ನ ಚೀಟಿಯಲ್ಲಿ ಎರಡರ ಎಡಕ್ಕೆ ಒಂದು ಸೇರಿಸಿ ಹನ್ನೆರಡು ಯೂರೋ ಮಾಡಿಕೊಂಡು ಬಂದಿದ್ದ. “ಪೇಕಿ, ಎರಡು ಬರೆಯೋವಾಗ ನೀನು ಕುಡಿದಿರ್ಲಿಲ್ಲ, ಒಂದು ಬರೆಯೋ ಹೊತ್ತಿಗೆ ಚೆನ್ನಾಗಿ ಏರಿದೆ” ಎಂದು ಅವಳು ಚೀಟಿಯನ್ನು ಹಾಗೇ ವಾಪಸು ತಳ್ಳಿದಳು. ಅವನೂ ನಕ್ಕು ಹೊರಟುಹೋದ.

ಮುದುಕ ಟಾರ್ಪಿ ಸಂತನೇನಲ್ಲ. ಬಾಜಿ ಕಟ್ಟಿಸಿಕೊಂಡೇ ಮೂರು ಮನೆ ಎಬ್ಬಿಸಿದವನು. ಆದರೆ ಯಾರದಾದರೂ ಹೆಂಡತಿ ಬಂದು ಕಣ್ಣೀರು ಹಾಕಿದರೆ ಮಾರನೇ ದಿನದಿಂದ ಆ ಗಂಡಸಿನ ಚೀಟಿಗೆ ಅಲ್ಲಿ ಜಾಗವಿಲ್ಲ. “ಮನೆಗ್ ಹೋಗಯ್ಯಾ, ಭಾನುವಾರ ಚರ್ಚಲ್ಲಿ ನಿನ್ ಹೆಂಡ್ತಿ ಮುಖ ನೋಡ್ಬೇಕು ನಾನು” ಎನ್ನುತ್ತಿದ್ದ. ಬಾಜಿ ಬಿಟ್ಟವನ ಬೆನ್ನು ಹತ್ತಬಾರದು ಎನ್ನುವುದು ಅಟ್ರಾಕ್ಟಾ ಅಲ್ಲಿ ಕಲಿತ ಪಾಠ. ಟಾರ್ಪಿ ಸತ್ತ ಮೇಲೆ ಯಾವುದೋ ದೊಡ್ಡ ಕಂಪನಿ ಅಂಗಡಿಯನ್ನು ಕೊಂಡು, ಬಾಗಿಲು ಹಾಕಿ, ಹೆಸರನ್ನು ಮಾತ್ರ ಉಳಿಸಿಕೊಂಡಿತು. ಬಾಜಿ ಕಟ್ಟುವವರೆಲ್ಲ ಫೋನಿಗೆ ಹೋದರು, ಅಟ್ರಾಕ್ಟಾ ಬನ್ನಿಗೆ ಬಂದಳು.

ಫೋನಿಗೆ ಹೋದವರ ಹಿಂದೆಯೇ ಕಳ್ಳ ಪತ್ರಗಳೂ ಬಂದವು. ನಿಮಗೆ ಬಹುಮಾನ, ನಿಮಗೆ ಉಚಿತ ಬಾಜಿ, ಇಲ್ಲಿ ಒತ್ತಿ, ಅಲ್ಲಿ ಕಾರ್ಡಿನ ಸಂಖ್ಯೆ ಕೊಡಿ. ಅವನ್ನು ಹಿಡಿಯಲು ಅಟ್ರಾಕ್ಟಾ ಹೇಳುತ್ತಿದ್ದದ್ದು ಸುಲಭ. ಕಳಿಸಿದವರ ಹೆಸರನ್ನು ನಂಬಬೇಡಿ, ಅದರ ಹಿಂದಿನ ವಿಳಾಸ ಓದಿ. ಅವಸರ ಮಾಡಿದರೆ ಅನುಮಾನಪಡಿ. ಬೆಣ್ಣೆ ಹಚ್ಚಿದರೆ ಇನ್ನೂ ಅನುಮಾನಪಡಿ, ಏಕೆಂದರೆ “ಟಾರ್ಪಿ ಜನ್ಮದಲ್ಲಿ ಯಾರ್ನೂ ‘ಪ್ರಿಯ’ ಅಂದಿಲ್ಲ, ಕಟ್ಕೊಂಡ ಹೆಂಡ್ತೀನೂ ಸೇರಿ.” ಪತ್ರದಲ್ಲಿರುವ ನಂಬರಿಗೆ ಮಾತ್ರ ಎಂದೂ ಫೋನು ಮಾಡಬೇಡಿ, ನಿಮಗೆ ಮೊದಲಿನಿಂದ ಗೊತ್ತಿರುವ ನಂಬರಿಗೆ ಮಾಡಿ.

ಜಾರ್ಲತ್ ಗ್ಯಾನನ್ ಶಾಲಾ ಬಸ್ಸಿನ ಡ್ರೈವರು, ಅಟ್ರಾಕ್ಟಾಳ ಜೊತೆ ಒಂದೇ ತರಗತಿಯಲ್ಲಿ ಓದಿದವನು. ಅವನ ಬಾಜಿಯ ಹುಚ್ಚಿಗೆ ಮನೆಯ ಮೇಲೆ ಸಾಲ ಏರಿ, ಹೆಂಡತಿ ಕಾನ್ಸೆಪ್ಟಾ ಸೂಟ್‌ಕೇಸ್ ತುಂಬಿಕೊಂಡು ಕಾಸಲ್‌ಬಾರಿನ ತಂಗಿಯ ಮನೆಗೆ ಹೋಗಿದ್ದಳು. ಅವನು ಟಾರ್ಪಿ ಕಂಪನಿಯ ಬಾಜಿ ಖಾತೆ ಮುಚ್ಚಿಸಿದ ಮೇಲೆಯೇ ಅವಳು ತಿರುಗಿ ಬಂದದ್ದು. “ಇನ್ನೊಂದ್ಸಲ ಆದ್ರೆ ಈ ಸೂಟ್‌ಕೇಸ್ ವಾಪಸ್ ಬರಲ್ಲ” ಎಂದಿದ್ದಳು, ಅಂದದ್ದನ್ನು ಮಾಡುವ ಹೆಂಗಸು. ‘ನನಗೆ ಮುಂದೆಂದೂ ಬರೆಯಬೇಡಿ’ ಎಂಬ ಕಾಗದವನ್ನು ಕಂಪನಿಗೆ ಬರೆಸಿದವಳು ಅಟ್ರಾಕ್ಟಾ, ಇದೇ ಬೇಕರಿಯ ಕಿಟಕಿ ಪಕ್ಕದ ಮೇಜಿನಲ್ಲಿ. ಅದಾಗಿ ಹದಿನಾಲ್ಕು ತಿಂಗಳು ಅವನು ಒಂದು ನಯಾಪೈಸೆ ಕಟ್ಟಿರಲಿಲ್ಲ.

ಮಾರ್ಚ್ ತಿಂಗಳು, ಚೆಲ್ಟೆನ್‌ಹ್ಯಾಮ್ ಕುದುರೆ ರೇಸಿನ ವಾರ, ಬಾಜಿಯವರಿಗೆ ವರ್ಷದ ದೊಡ್ಡ ಹಬ್ಬ. ಮಕ್ಕಳನ್ನು ಶಾಲೆಗೆ ಬಿಟ್ಟು ಜಾರ್ಲತ್ ಬಸ್ಸನ್ನು ಬೇಕರಿಯ ಎದುರು ನಿಲ್ಲಿಸಿ ಒಳಗೆ ಬಂದ.

“ಅಟ್ರಾಕ್ಟಾ, ಇದನ್ನೊಂಚೂರು ನೋಡೇ.”

‘ಪ್ರಿಯ ಜಾರ್ಲತ್, ನಿಮ್ಮನ್ನು ಕಾಣದೆ ನಮಗೆ ಬಹಳ ಬೇಸರವಾಗಿದೆ. ನೀವಿಲ್ಲದ ಚೆಲ್ಟೆನ್‌ಹ್ಯಾಮ್ ಎಂಥ ಚೆಲ್ಟೆನ್‌ಹ್ಯಾಮ್! ನಿಮಗೆಂದೇ ಐವತ್ತು ಯೂರೋ ತೆಗೆದಿಟ್ಟಿದ್ದೇನೆ. ಇಂದು ಮಧ್ಯಾಹ್ನದವರೆಗೆ ಮಾತ್ರ. ಇಂತಿ ನಿಮ್ಮ ಗ್ರಾನ್ಯಾ, ಟಾರ್ಪಿ.’

ಅಟ್ರಾಕ್ಟಾ ಬಿದ್ದು ಬಿದ್ದು ನಕ್ಕಳು. “ನಿನ್ನ ಕಾಣದೆ ಬೇಸರ ಆಗೋಕೆ ಆ ಗ್ರಾನ್ಯಾಗೇನು ಕಣ್ಣಿಲ್ವೇನೋ? ಅವಸರ ಇದೆ, ಬೆಣ್ಣೆ ಇದೆ, ಬಿಟ್ಟವನಿಗೆ ಬರೆದಿದ್ದಾರೆ. ಅಪ್ಪಟ ಕಸ ಕಣೋ.”

“ವಿಳಾಸ ಮಾತ್ರ ಸರಿಯಾಗಿದ್ಯಲ್ಲೇ.”

ವಿಳಾಸ ನಿಜವಾಗಿಯೂ ಸರಿಯಾಗಿತ್ತು. ಒಂದಕ್ಷರ ಹೆಚ್ಚುಕಡಿಮೆ ಇರಲಿಲ್ಲ. “ಈಗಿನ ಕಳ್ಳರು ವಿಳಾಸಾನೂ ಕದೀತಾರೆ” ಎಂದಳು ಅವಳು. ಜಾರ್ಲತ್‌ಗೆ ನಿರಾಳವಾಯಿತು. ಸುಳ್ಳು ಎಂದಾದರೆ ಅವನಿಗೆ ಯೋಚನೆಯೇ ಇಲ್ಲ. ಇಲ್ಲದ ಹಣಕ್ಕೆ ಯಾರ ಬಾಯಲ್ಲೂ ನೀರೂರುವುದಿಲ್ಲ.

ಅಷ್ಟಕ್ಕೇ ಬಿಡಬಹುದಿತ್ತು. ಆದರೆ ತನ್ನ ಹಳೆ ಅಂಗಡಿಯ ಹೆಸರು ಕೆಡುತ್ತಿದೆ ಎಂದು ಅಟ್ರಾಕ್ಟಾಳಿಗೆ ಸಿಟ್ಟು ಬಂತು. ಜಾರ್ಲತ್‌ನ ಫೋನನ್ನು ಬನ್ನಿನ ಗಾಜಿನ ಕಪಾಟಿನ ಮೇಲಿಟ್ಟು, ತನಗೆ ಬಾಯಿಪಾಠವಿದ್ದ ಡಬ್ಲಿನ್ನಿನ ಕಂಪನಿ ಕಚೇರಿಯ ನಂಬರಿಗೆ ಬೇಕರಿಯ ಫೋನಿನಿಂದ ಕರೆ ಮಾಡಿದಳು. ಎತ್ತಿದ್ದು ಒಬ್ಬ ಹುಡುಗಿ, ಜೇನಿನಂಥ ದನಿ.

“ನೋಡಮ್ಮ, ನಿಮ್ಮ ಹೆಸರಲ್ಲಿ ಯಾರೋ ಕಳ್ಳರು ಪತ್ರ ಕಳಿಸ್ತಿದಾರೆ. ಬರ್ಕೋ.”

“ಪತ್ರದ ಕೊನೇಲಿ ಒಂದು ಸಂಖ್ಯೆ ಇರತ್ತೆ, ಓದ್ತೀರಾ ಮೇಡಂ?”

ಓದಿದಳು. ಆ ಕಡೆ ಕೀಲಿಗಳ ಟಕಟಕ.

“ಇದು ನಮ್ಮದೇ ಮೇಡಂ. ಗ್ರಾನ್ಯಾ ನಮ್ಮ ತಂಡದವಳೇ. ಬಿಟ್ಟುಹೋದವರನ್ನ ವಾಪಸ್ ಕರೆಸೋ ಕೆಲಸ ಅವಳದ್ದು.”

ಅಟ್ರಾಕ್ಟಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡಳು. “ಅವನು ಖಾತೆ ಮುಚ್ಚಿದಾನಮ್ಮ. ಬರೀಬೇಡಿ ಅಂತ ಕಾಗದ ಕಳಿಸಿದಾನೆ, ನಾನೇ ಬರೆಸಿದ್ದು.”

“ಹೌದು, ಆ ಕಾಗದಾನೂ ಇಲ್ಲಿ ಕಾಣ್ತಿದೆ. ವರ್ಷ ಕಳೆದ್ಮೇಲೆ ನಾವೇ ಒಂದ್ಸಲ ಕೇಳಿ ನೋಡ್ತೀವಿ. ತುಂಬಾ ಒಳ್ಳೇ ಗಿರಾಕಿ ಮೇಡಂ ಅವರು.”

ಒಳ್ಳೇ ಗಿರಾಕಿ! ಮನೆ ಕಳೆದುಕೊಳ್ಳುವ ಮಟ್ಟಕ್ಕೆ ಸೋತವನು ಅವರ ಲೆಕ್ಕದಲ್ಲಿ ಒಳ್ಳೇ ಗಿರಾಕಿ. ಮೋಸಗಾರರ ಗುರುತು ಎಂದು ಊರಿಗೆಲ್ಲ ಅಟ್ರಾಕ್ಟಾ ಹೇಳಿಕೊಟ್ಟದ್ದು ಅಸಲಿಯವರ ಗುರುತೂ ಆಗಿತ್ತು.

“ಪತ್ರ ಅವರು ತೆರೆದ ಹಾಗೆ ತೋರಿಸ್ತಿದೆ. ಪಕ್ಕದಲ್ಲೇ ಇದಾರಾ? ಮುಚ್ಚಿದ ಖಾತೆ ಎಬ್ಬಿಸಿ ಈಗ್ಲೇ ಐವತ್ತು ಹಾಕಿಬಿಡ್ತೀನಿ.”

“ಬೇಡ! ಬೇಡಮ್ಮ, ಹಾಕ್ಬೇಡ!”

“ಆಗೋಯ್ತು ಮೇಡಂ. ಒಳ್ಳೇದಾಗ್ಲಿ ಅವರಿಗೆ.”

ಅಟ್ರಾಕ್ಟಾ ಫೋನು ಇಟ್ಟಳು.

“ಏನಂತೆ?” ಎಂದ ಜಾರ್ಲತ್.

ಇಪ್ಪತ್ತೇಳು ವರ್ಷ ಗಾಜಿನ ಹಿಂದೆ ಕೂತು ಯಾರಿಗೂ ಸುಳ್ಳು ಹೇಳದವಳು ಅವತ್ತು ಹೇಳಿದಳು. “ಏನಿಲ್ಲ. ಕಸಾನೇ ಅಂತೆ.”

ಗಾಜಿನ ಮೇಲಿದ್ದ ಅವನ ಫೋನು ಗುಂಯ್‌ಗುಟ್ಟಿತು. ಇಬ್ಬರೂ ಬಗ್ಗಿ ನೋಡಿದರು. ‘ಮರಳಿ ಸ್ವಾಗತ, ಜಾರ್ಲತ್’ ಎಂದಿತ್ತು, ಅದರ ಕೆಳಗೆ ಐವತ್ತು ಯೂರೋ. ಮೊದಲ ಓಟಕ್ಕೆ ಇನ್ನು ಮೂರು ಗಂಟೆ ಎಂದೂ ಇತ್ತು.

ಜಾರ್ಲತ್ ಕೈ ಮುಂದೆ ಮಾಡಿದ. ಬೆರಳು ಫೋನಿನ ಹತ್ತಿರ ಹೋಯಿತು. ಅವನ ಕಣ್ಣಲ್ಲಿ ಹದಿನಾಲ್ಕು ತಿಂಗಳಿಂದ ಇಲ್ಲದ ಒಂದು ಹೊಳಪು ಬಂದದ್ದನ್ನು ಅಟ್ರಾಕ್ಟಾ ಕಂಡಳು. ಶನಿವಾರ ಮಧ್ಯಾಹ್ನಗಳಲ್ಲಿ ಗಾಜಿನ ಆಚೆ ಸಾವಿರ ಸಲ ಕಂಡ ಹೊಳಪು ಅದು. ಅವಳಿಗೆ ಹೆದರಿಕೆಯಾಯಿತು.

ಅವನಿಗೂ ಹೆದರಿಕೆಯಾಗಿರಬೇಕು. ಕೈಯನ್ನು ಹಿಂದಕ್ಕೆಳೆದು ಎರಡೂ ಕಂಕುಳಲ್ಲಿ ಕೈ ಸಿಕ್ಕಿಸಿಕೊಂಡು ನಿಂತುಬಿಟ್ಟ.

“ಅದನ್ನ ನನ್ನ ಕೈಗೆ ಕೊಡ್ಬೇಡ ಕಣೇ. ದಮ್ಮಯ್ಯ, ನಾನು ಕೇಳಿದ್ರೂ ಕೊಡ್ಬೇಡ. ಕಾನ್ಸೆಪ್ಟಾಗೆ ಫೋನ್ ಮಾಡು.”

ಅಟ್ರಾಕ್ಟಾ ಅವನ ಫೋನನ್ನು ತನ್ನ ಏಪ್ರನ್ ಜೇಬಿಗೆ ಹಾಕಿಕೊಂಡು, ಬೇಕರಿಯ ಫೋನೆತ್ತಿ ನಂಬರು ಒತ್ತಿದಳು. ಜೇಬಿನೊಳಗೆ ಅದು ಇನ್ನೊಮ್ಮೆ ಗುಂಯ್ ಎಂದಿತು. ಆ ಕಡೆ ಕಾನ್ಸೆಪ್ಟಾ “ಹಲೋ” ಎಂದಳು.

“ಕಾನ್ಸೆಪ್ಟಾ, ನಾನು ಅಟ್ರಾಕ್ಟಾ. ಸೂಟ್‌ಕೇಸ್ ಮುಟ್ಬೇಡ, ಮೊದ್ಲು ನಾನು ಹೇಳೋದು ಕೇಳು. ಅವನೇನೂ ಮಾಡಿಲ್ಲ. ಮಾಡಿದ್ದು ನಾವು, ಟಾರ್ಪಿಯವರು.”